ಒಂದೇ ಮಾತ್ರೆಯ ನೆಂಟರು

ಹಾಸಿಗೆ ಮಾರುವವನು ಹಾಸಿಗೆಯಿಂದ ಏಳಲಾಗದೆ ಹೋದರೆ ಅದನ್ನು ಅನಾಹುತ ಅನ್ನಬೇಕೋ, ವ್ಯಾಪಾರ ಅನ್ನಬೇಕೋ? ಮೆತ್ತಣ್ಣನ ವಿಷಯದಲ್ಲಿ ಅದು ಮೊದಲು ವ್ಯಾಪಾರವೇ ಆಯಿತು.

ಮೆತ್ತಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೆತ್ತಗೆ ಮಾತಾಡಿ, ಮೆತ್ತಗೆ ನಡೆದು, ಮೆತ್ತನೆಯ ಸರಕನ್ನೇ ಮಾರಿಕೊಂಡು ಬದುಕುವವನಿಗೆ ಬೀದಿಯವರು ಕೊಟ್ಟ ಬಿರುದು. ಅವನು ಕೆಲಸ ಮಾಡುತ್ತಿದ್ದ ಅಂಗಡಿ ಒಂದು ಉದ್ದನೆಯ ಹಜಾರ. ಮುಂದುಗಡೆ ಗಾಜು, ಗಾಜಿಗೆ ತೆಳುವಾದ ಬಿಳಿ ಪರದೆ. ಮಧ್ಯಾಹ್ನದ ಬಿಸಿಲು ಆ ಪರದೆಯಲ್ಲಿ ಸೋಸಿಕೊಂಡು ಒಳಗೆ ಬಂದಾಗ, ಸಾಲಾಗಿ ಹಾಕಿದ್ದ ಹಾಸಿಗೆಗಳು ಆಕಾಶದಿಂದ ಇಳಿದು ಸುಧಾರಿಸಿಕೊಳ್ಳುತ್ತಿರುವ ಮೋಡಗಳ ಹಾಗೆ ಕಾಣುತ್ತಿದ್ದವು. ಒಳಗೆ ಬಂದ ಗಿರಾಕಿಗಳು ಯಾರೂ ಹೇಳದಿದ್ದರೂ ದನಿ ತಗ್ಗಿಸುತ್ತಿದ್ದರು. ಮೆತ್ತಣ್ಣ ಕಂಕುಳಲ್ಲಿ ಒಂದು ದಿಂಬು ಇಟ್ಟುಕೊಂಡು ಆ ಮೋಡಗಳ ನಡುವೆ ಓಡಾಡುತ್ತಿದ್ದ. ಅವನ ಅರ್ಧ ಮನಸ್ಸು ಯಾವಾಗಲೂ ಕೆಲಸದ ಮೇಲಿರುತ್ತಿತ್ತು, ಇನ್ನರ್ಧ ಯಾವಾಗಲೂ ರಜೆಯ ಮೇಲಿರುತ್ತಿತ್ತು.

ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರು ಬಂದಿದ್ದರು. ಮೆತ್ತಣ್ಣ ತನ್ನ ಪದ್ಧತಿಯಂತೆ ಚಪ್ಪಲಿ ಬಿಟ್ಟು, ಹಾಸಿಗೆಯ ಮೇಲೆ ಅಂಗಾತ ಮಲಗಿ, "ನೋಡಿ ಅಮ್ಮಾ, ಇದು ನಮ್ಮ ಬೆನ್ನಿಗೆ ನಿಲ್ಲುತ್ತೆ. ನೆಂಟರು ನಿಲ್ಲಲ್ಲ, ಇದು ನಿಲ್ಲುತ್ತೆ" ಅಂದ. ಆಮೇಲೆ ಏಳಲು ಹೋದ. ಮೊಣಕಾಲು ಒಪ್ಪಲಿಲ್ಲ. ಕೈ ಊರಲು ನೋಡಿದ. ಊದಿಕೊಂಡಿದ್ದ ಬೆರಳುಗಳು ಹಾಸಿಗೆಯನ್ನು ಮುಟ್ಟಿ, ಬೇಡಪ್ಪಾ ಎಂದು ಹಿಂದೆ ಸರಿದವು. ಕೆಲವು ವಾರಗಳಿಂದ ಬೆಳಗಿನ ಹೊತ್ತು ಮನೆಯಲ್ಲಿ ಮೆತ್ತಣ್ಣನ ಅಂಗಿಯ ಗುಂಡಿಯನ್ನು ಅವನ ಹೆಂಡತಿಯೇ ಹಾಕುತ್ತಿದ್ದಳು. ಆದರೆ ಅಂಗಡಿಯಲ್ಲಿ ಹೀಗಾದದ್ದು ಇದೇ ಮೊದಲು.

"ಏಳಿ ಸ್ವಾಮಿ, ನಾವೂ ಮಲಗಿ ನೋಡ್ತೀವಿ" ಅಂದ ಗಂಡ.

"ಏಳಕ್ಕೇ ಆಗ್ತಾ ಇಲ್ಲ ಸಾರ್" ಅಂದ ಮೆತ್ತಣ್ಣ, ಮುಖದ ಮೇಲಿನ ನಗೆಯನ್ನು ಬಿಡದೆ.

ಹೆಂಡತಿ ಗಂಡನ ತೋಳು ಹಿಡಿದಳು. "ಕೇಳಿದ್ರಾ? ಮಾರೋನಿಗೇ ಏಳಕ್ಕೆ ಮನಸ್ಸು ಬರ್ತಿಲ್ಲ! ಇನ್ನೇನ್ರೀ ನೋಡೋದು, ಇದನ್ನೇ ತಗೊಳ್ಳೋಣ."

ಮೆತ್ತಣ್ಣನನ್ನು ಮೇಲಿಟ್ಟುಕೊಂಡೇ ಆ ಹಾಸಿಗೆ ಮಾರಾಟವಾಯಿತು. ಸಾಮಾನು ಹೊರುವವನು ಬಂದು, ಮೊದಲು ಅವನನ್ನು ಎತ್ತಿ ಪಕ್ಕದ ಹಾಸಿಗೆಗೆ ಸಾಗಿಸಿ, ಆಮೇಲೆ ಹಾಸಿಗೆಯನ್ನು ಗಾಡಿಗೆ ಸಾಗಿಸಿದ.

ಅಂಗಡಿಯ ಯಜಮಾನರು ದಪ್ಪ ಮೀಸೆಯ, ದೊಡ್ಡ ಗಂಟಲಿನ ಆಸಾಮಿ. ಯಾರನ್ನೂ ಹೊಗಳಿದವರಲ್ಲ. ದಿನಕ್ಕೆ ಹಲವು ಸಲ ಇದ್ದಕ್ಕಿದ್ದಂತೆ ಎದ್ದು, "ಬ್ಯಾಂಕಿಗೆ ಹೋಗ್ಬರ್ತೀನಿ" ಎಂದು ಮಾಯವಾಗುವುದು ಅವರ ಅಭ್ಯಾಸ. ಬ್ಯಾಂಕು ಇದ್ದದ್ದು ಅಂಗಡಿಯ ಮುಂದೆ, ಅವರು ಓಡುತ್ತಿದ್ದದ್ದು ಹಿಂದಕ್ಕೆ. ಅದನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರು ಅವತ್ತು ಮೆತ್ತಣ್ಣನ ಹತ್ತಿರ ಬಂದು, "ಚೆನ್ನಾಗಿತ್ತು ಕಣಯ್ಯಾ ನಾಟಕ. ನಾಳೆಯಿಂದ ಎಲ್ರ ಮುಂದೂ ಹೀಗೇ ಮಲಕ್ಕೋ" ಅಂದರು. ತನ್ನದು ನಾಟಕವಲ್ಲ ಎಂದು ಹೇಳಲು ಮೆತ್ತಣ್ಣನಿಗೆ ಬಾಯಿ ಬರಲಿಲ್ಲ. ಕೀಲುನೋವು ಅಜ್ಜಂದಿರ ಕಾಯಿಲೆ, ತಲೆಯಲ್ಲಿ ಇನ್ನೂ ಕಪ್ಪು ಕೂದಲಿರುವ ತನಗೆ ಅದು ಬಂದಿದೆಯೆಂದರೆ ಮರ್ಯಾದೆ ಏನಾಗಬೇಕು?

ಅವನ ಹೆಂಡತಿ ಮರ್ಯಾದೆಯ ಮಾತು ಕೇಳುವವಳಲ್ಲ. ಅವನನ್ನು ಎಳೆದುಕೊಂಡೇ ಡಾಕ್ಟರ ಹತ್ತಿರ ಹೋದಳು. ಒಳಗೆ ಬರಲು ನೋಡಿದಾಗ ಮಾತ್ರ ಇವನು, "ನಾನೇನು ಎಳೆ ಮಗುವಾ? ನೀನು ಹೊರಗೆ ಕೂತ್ಕೋ" ಎಂದು ಗತ್ತು ತೋರಿಸಿದ. ಮುಂದಿನದಕ್ಕೆಲ್ಲ ಆ ಗತ್ತೇ ಮೂಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಕ್ತ ತೆಗೆಸಿ, ವರದಿ ನೋಡಿ, ಇದು ಸಂಧಿವಾತ ಎಂದು ಹೇಳಿ, ಸಲ್ಫಾಸಲಜೀನ್ ಎಂಬ ಮಾತ್ರೆ ಬರೆದರು. ಬರೆಯುತ್ತಾ ಸರಸರನೆ ಹೇಳಿದರು: "ಊಟ ಆದ್ಮೇಲೆ ತಗೊಳ್ಳಿ. ಮುರೀಬೇಡಿ, ಅಗೀಬೇಡಿ, ಇಡಿಯಾಗಿ ನುಂಗಿ. ನೀರು ಚೆನ್ನಾಗಿ ಕುಡೀರಿ. ಸಲ್ಫಾ ಔಷಧಿ ಯಾವತ್ತಾದ್ರೂ ಮೈಗೆ ಒಗ್ಗದೆ ಹೋಗಿತ್ತಾ? ಇಲ್ವಾ? ಸರಿ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗ್ಬಹುದು, ಅದಕ್ಕೆ ಹೆದರ್ಬೇಡಿ. ಆದ್ರೆ ಗಂಟಲು ನೋವು, ಜ್ವರ, ಬಾಯಿ ಹುಣ್ಣು, ಮೈಮೇಲೆ ಗುಳ್ಳೆ, ಇದ್ರಲ್ಲಿ ಯಾವುದು ಕಂಡ್ರೂ ಮಾತ್ರೆ ನಿಲ್ಸಿ ಅವತ್ತೇ ಓಡಿ ಬನ್ನಿ. ರಕ್ತ ಪರೀಕ್ಷೆ ಮಾತ್ರ ತಪ್ಪಿಸ್ಬೇಡಿ. ಗೊತ್ತಾಯ್ತಾ?"

"ಗೊತ್ತಾಯ್ತು" ಅಂದ ಮೆತ್ತಣ್ಣ. ಅವರ ಹಿಂದಿನ ಕಿಟಕಿಯ ಪರದೆ ಗಾಳಿಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಅದು ಯಾವುದೋ ದೊಡ್ಡ ಪ್ರಾಣಿ ನೆಮ್ಮದಿಯಾಗಿ ಉಸಿರಾಡಿದ ಹಾಗಿತ್ತು. ಇಂಥ ಬಟ್ಟೆಯಲ್ಲಿ ದಿಂಬಿನ ಗವಸು ಹೊಲಿದರೆ ಹೇಗಿರುತ್ತದೆ ಎಂದು ಅವನು ಯೋಚಿಸುತ್ತಿದ್ದ. ಡಾಕ್ಟರ ಮಾತು ಕಿವಿಗೆ ಬಿತ್ತು. ಆದರೆ ಮನಸ್ಸಿಗೆ ಹೋಗುವ ದಾರಿಯಲ್ಲಿ ಎರಡು ವಾಕ್ಯಗಳು ಪರಸ್ಪರ ಬಟ್ಟೆ ಬದಲಾಯಿಸಿಕೊಂಡವು.

"ಏನಂದ್ರು?" ಕೇಳಿದಳು ಹೆಂಡತಿ.

"ಊಟ ಆದ್ಮೇಲೆ ಮಾತ್ರೆ. ನೀರು ಜಾಸ್ತಿ. ಗಂಟಲು ಗಿಂಟಲು ನೋವಾದ್ರೆ ಹೆದರ್ಬಾರ್ದಂತೆ. ಬಣ್ಣ ತಿರುಗಿದ್ರೆ ಮಾತ್ರ ಅವತ್ತೇ ಓಡಿ ಬರ್ಬೇಕಂತೆ."

"ಯಾವುದರ ಬಣ್ಣ?"

"ಅದು ತಿರುಗಿದಾಗ ಗೊತ್ತಾಗುತ್ತೆ ಬಿಡು."

ತಿರುಗಿತು. ಒಂದು ಬೆಳಿಗ್ಗೆ ಬಚ್ಚಲುಮನೆಯಿಂದ ಎದ್ದ ಕೂಗು ಇಡೀ ಕಟ್ಟಡವನ್ನೇ ಎಬ್ಬಿಸಿತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಮೆಟ್ಟಿಲ ಹತ್ತಿರ ಬಂದರು.

"ಏನಾಯ್ತೋ ಮೆತ್ತಣ್ಣ?"

"ಬಣ್ಣ ಬಂತು ಮೇಷ್ಟ್ರೇ! ಕಿತ್ತಳೆ!"

"ಗೋಡೆಗೆ ಕಿತ್ತಳೆ ಚೆನ್ನಾಗಿರಲ್ಲ. ತಿಳಿಹಸಿರು ಹೊಡಿಸು."

"ಗೋಡೆಗಲ್ಲ ಮೇಷ್ಟ್ರೇ, ನನಗೆ!"

ಮೇಷ್ಟ್ರು ಮೇಲಿಂದ ಕೆಳಗೆ ನೋಡಿದರು. ಕಾಣುವ ಕಡೆಯಲ್ಲೆಲ್ಲೂ ಕಿತ್ತಳೆ ಕಾಣದ್ದರಿಂದ ವಿಷಯ ಗಂಭೀರವಿರಬೇಕೆಂದು ತಾವೂ ಜೊತೆಗೆ ಹೊರಟರು. ಆಸ್ಪತ್ರೆಯ ಮುಂಗೋಣೆಯಲ್ಲಿ ಕೂತವರಿಗೆಲ್ಲ, "ದಾರಿ ಬಿಡಿ, ತುರ್ತು, ಇವನ ಬಣ್ಣ ತಿರುಗಿದೆ" ಎಂದು ತರಗತಿಯ ದನಿಯಲ್ಲಿ ಸಾರಿದರು. ಒಳಗೆ ಹೋದ ಮೆತ್ತಣ್ಣನಿಗೆ ಡಾಕ್ಟರು, "ಅಯ್ಯೋ, ಅದಕ್ಕೆ ಹೆದರ್ಬೇಡಿ ಅಂತ್ಲೇ ಹೇಳಿದ್ನಲ್ಲಾ!" ಎಂದು ನಕ್ಕರು. ಬಾಗಿಲು ತೆರೆದೇ ಇತ್ತು. ಮುಂಗೋಣೆಯೂ ನಕ್ಕಿತು. ಊರುಗೋಲಿನ ಅಜ್ಜಿಯೊಬ್ಬಳು ಕಣ್ಣೊರೆಸಿಕೊಂಡು ನಕ್ಕಳು.

ಡಾಕ್ಟರು, "ಕೂತ್ಕೊಳ್ಳಿ, ಇನ್ನೊಂದು ಸಲ ಹೇಳ್ತೀನಿ, ರಕ್ತ ಪರೀಕ್ಷೆಗೂ ಬರೆದುಕೊಡ್ತೀನಿ" ಅನ್ನುವಷ್ಟರಲ್ಲಿ ಮೆತ್ತಣ್ಣ ಬೀದಿಗೆ ಬಿದ್ದಿದ್ದ. ತಲೆಯ ಮೇಲೆ ಕೊಂಬು ಮೂಡಿದರೂ ಸರಿ, ಇನ್ನು ಆ ಬಾಗಿಲು ತುಳಿಯುವುದಿಲ್ಲ ಎಂದು ಅಲ್ಲೇ ಆಣೆ ಮಾಡಿದ. ಮೆತ್ತಗಿನವರ ಹಟ ಬಲು ಗಟ್ಟಿ.

ಮಾತ್ರೆ ಮಾತ್ರ ಬಿಡಲಿಲ್ಲ. ಬೆರಳಿನ ಊತ ಅಷ್ಟಿಷ್ಟು ಇಳಿಯುವ ಹಾಗೆ ಕಂಡಿತು. ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಯ ಹಿಂಭಾಗದಲ್ಲಿ ಗೋಡೆಯೆತ್ತರಕ್ಕೆ ಪೇರಿಸಿದ್ದ ಹಾಸಿಗೆಗಳ ಸಂದಿಯಲ್ಲಿ ಮೆತ್ತಣ್ಣನಿಗೆ ಒಂದು ದೃಶ್ಯ ಕಂಡಿತು. ಯಜಮಾನರು ಗೋಡೆಗೆ ಮುಖ ಮಾಡಿ ನಿಂತು, ಕಳ್ಳನ ಹಾಗೆ ಅತ್ತಿತ್ತ ನೋಡಿ, ಒಂದು ಮಾತ್ರೆ ನುಂಗಿ ಗಟಗಟ ನೀರು ಕುಡಿದರು. ಅದೇ ಮಾತ್ರೆ! ಅದೇ ಹಳದಿ, ಅದೇ ಉದ್ದ, ಅದೇ ಹೊಳೆಯುವ ಹಾಳೆ!

ಮೆತ್ತಣ್ಣನ ಎದೆ ತುಂಬಿ ಬಂತು. ಪಾಪ, ಇವರಿಗೂ ಕೀಲು! ಅದಕ್ಕೇ ಕೂತಲ್ಲಿ ಕೂರಲಾಗದೆ ಎದ್ದೆದ್ದು ಹೋಗುತ್ತಾರೆ!

ಆ ಮಾತ್ರೆ ಕೀಲಿಗೂ ಕೊಡುತ್ತಾರೆ, ದೊಡ್ಡ ಕರುಳಿನ ಹುಣ್ಣಿಗೂ ಕೊಡುತ್ತಾರೆ ಎಂಬುದು ಅವನಿಗೆ ತಿಳಿಯದು. ಯಜಮಾನರಿಗೂ ತಿಳಿಯದು. ಅವರದು ಕರುಳು.

"ಯಜಮಾನ್ರೇ, ನನಗೂ ಅದೇ" ಎಂದು ಪಿಸುಗುಟ್ಟಿದ ಮೆತ್ತಣ್ಣ, ತನ್ನ ಜೇಬಿನಿಂದ ಮಾತ್ರೆಯ ಹಾಳೆಯ ತುದಿ ತೋರಿಸಿ.

ಯಜಮಾನರ ಮೀಸೆ ನಡುಗಿತು. ಕೆಂಪಾದರು, ಬಿಳುಚಿದರು, ಆಮೇಲೆ ಬಗ್ಗಿ ಪಿಸುದನಿಯಲ್ಲಿ ಕೇಳಿದರು: "ನಿನಗೂ? ನಿಜವಾಗ್ಲೂ? ಎಷ್ಟು ದಿನದಿಂದ?"

"ಕೆಲವು ತಿಂಗಳಾಯ್ತು. ಬೆಳಿಗ್ಗೆ ಎದ್ದ ತಕ್ಷಣವೇ ಜಾಸ್ತಿ, ಅಲ್ವಾ?"

"ಅಯ್ಯೋ, ಬೆಳಿಗ್ಗೆಯೇ ಜಾಸ್ತಿ!"

"ಹಿಡ್ಕೊಳ್ಳೋಕೇ ಆಗಲ್ಲ."

"ಆಗೋದೇ ಇಲ್ಲ ಕಣೋ!" ಯಜಮಾನರ ಕಣ್ಣಲ್ಲಿ ನೀರು. "ನಾನು ಎಲ್ಲಿಗೆ ಹೋದ್ರೂ ಮೊದ್ಲು ನೋಡೋದು, ಜಾಗ ಎಲ್ಲಿದೆ ಅಂತ."

"ನಾನೂ ಅಷ್ಟೇ! ಕೂರೋ ಜಾಗ ಸಿಕ್ಕಿದ್ರೆ ಸಾಕು, ಪ್ರಾಣ ಬಂದ ಹಾಗಾಗುತ್ತೆ."

"ಬಸ್ಸಲ್ಲಂತೂ..."

"ಬಸ್ಸಿನ ಮಾತೇ ಎತ್ಬೇಡಿ. ಅದು ಕುಲುಕಿದ ಹಾಗೆಲ್ಲಾ..."

ಯಜಮಾನರು ಅವನ ಕೈ ಹಿಡಿದುಕೊಂಡರು. ವರ್ಷಗಟ್ಟಲೆ ಒಬ್ಬರೇ ಹೊತ್ತು ತಿರುಗಿದ ಗುಟ್ಟಿಗೆ ಕೊನೆಗೂ ಒಬ್ಬ ಪಾಲುದಾರ ಸಿಕ್ಕಿದ್ದ. ಮನೆಯಲ್ಲಿ ಹೆಂಡತಿಗೊಬ್ಬಳಿಗೆ ಬಿಟ್ಟರೆ ಅವರು ಇದನ್ನು ಯಾರಿಗೂ ಹೇಳಿರಲಿಲ್ಲ. ಏನೆಂದು ಹೇಳುವುದು? ಹೃದಯದ ಕಾಯಿಲೆಯಾದರೆ ನಾಲ್ಕು ಜನರ ಮುಂದೆ ಎದೆ ಹಿಡಿದು ಹೇಳಬಹುದು. ಇದನ್ನು ಯಾವುದನ್ನು ಹಿಡಿದು ಹೇಳುವುದು? ಅವರು ಒಂದು ಕ್ಷಣ ಯೋಚಿಸಿ, ಸೊಂಟದಿಂದ ಒಂದು ಪುಟ್ಟ ಬೀಗದ ಕೈ ಬಿಚ್ಚಿ ಮೆತ್ತಣ್ಣನ ಅಂಗೈಯಲ್ಲಿಟ್ಟರು.

"ಹಿಂದಿನ ನನ್ನ ಸ್ವಂತ ಶೌಚಾಲಯದ್ದು. ಇನ್ನೊಂದು ನನ್ಹತ್ರ ಇದೆ. ಇನ್ಮೇಲೆ ನೀನೂ ಸಂಕೋಚ ಪಡ್ಬೇಡ."

ಕೀಲುನೋವಿಗೂ ಶೌಚಾಲಯಕ್ಕೂ ಏನು ಸಂಬಂಧ ಎಂದು ಮೆತ್ತಣ್ಣನಿಗೆ ಹೊಳೆಯಲಿಲ್ಲ. ಆದರೆ ದೊಡ್ಡವರು ಕೊಟ್ಟ ಗೌರವ. ಬೇಡ ಎನ್ನಬಾರದು. ಅವನು ದಿನಕ್ಕೆರಡು ಸಲ ಅಲ್ಲಿಗೆ ಹೋಗಿ, ಮುಚ್ಚಳ ಹಾಕಿ ಅದರ ಮೇಲೆ ಕೂತು, ಮಂಜುಗಾಜಿನ ಕಿಟಕಿಯಲ್ಲಿ ಮಸುಕಾಗಿ ತೇಲುವ ಬೆಳಕನ್ನು ನೋಡಿಕೊಂಡು, ಮೊಣಕಾಲು ನೀವಿಕೊಂಡು ಬರುತ್ತಿದ್ದ. ಜೀವನದಲ್ಲಿ ಅಷ್ಟು ನೆಮ್ಮದಿಯ ಕೋಣೆ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಬೀಗದ ಕೈಯ ಸುದ್ದಿ ನಿಲ್ಲುತ್ತದೆಯೇ? ಗಲ್ಲಾದಲ್ಲಿ ಕೂರುವ ಅಕ್ಕ ಸಾಮಾನು ಹೊರುವವನಿಗೆ ಹೇಳಿದಳು: "ಇವತ್ತು ಬಚ್ಚಲು, ನಾಳೆ ಅಂಗಡಿ. ಬರೆದಿಟ್ಕೋ, ಮೆತ್ತಣ್ಣನನ್ನ ಪಾಲುದಾರ ಮಾಡ್ಕೋತಾರೆ." ಹೊರುವವನು ಅದನ್ನು ಹಾಸಿಗೆಯ ಜೊತೆ ಮನೆಮನೆಗೆ ಹೊತ್ತ. ಸಂಜೆಗೆ ಮೇಷ್ಟ್ರು ಬಂದು, "ನಾನು ಅವತ್ತೇ ಅಂದ್ಕೊಂಡೆ, ಈ ಹುಡುಗ ಬಣ್ಣ ತೋರಿಸ್ತಾನೆ ಅಂತ" ಎಂದು ಬೆನ್ನು ತಟ್ಟಿದರು. ಭಾನುವಾರ ಭಾವಮೈದುನ ತನ್ನ ಟ್ರಂಕಿನೊಂದಿಗೆ ಬಂದಿಳಿದ. "ಭಾವಾ, ದೊಡ್ಡ ಕೆಲಸ ಬೇಡ. ಉಸ್ತುವಾರಿ ಇದ್ರೆ ಸಾಕು."

"ಯಾವುದರ ಉಸ್ತುವಾರಿ? ನನ್ಹತ್ರ ಇರೋದು ಬಚ್ಚಲ ಬೀಗ!"

"ಎಲ್ಲಾ ದೊಡ್ಡವರೂ ಹಾಗೇ ಅನ್ನೋದು ಭಾವಾ" ಎಂದು ಭಾವಮೈದುನ ಟ್ರಂಕನ್ನು ಮಂಚದ ಕೆಳಗೆ ತಳ್ಳಿದ.

ಈ ಸಂಭ್ರಮದ ನಡುವೆಯೇ ಮೆತ್ತಣ್ಣನ ಗಂಟಲು ನೋಯತೊಡಗಿತು. ಎಂಜಲು ನುಂಗಿದರೆ ಮುಳ್ಳು. ತುಟಿಯ ಒಳಗೆ, ನಾಲಿಗೆಯ ಅಂಚಿನಲ್ಲಿ ಹುಣ್ಣು. "ಡಾಕ್ಟರ ಹತ್ರ ಹೋಗೋಣ" ಅಂದಳು ಹೆಂಡತಿ. "ಗಂಟಲಿಗೆ ಹೆದರ್ಬಾರ್ದು ಅಂತ ಅವರೇ ಹೇಳಿದ್ದಾರೆ" ಅಂದ ಇವನು, ಬಿಸಿ ಉಪ್ಪುನೀರು ಮುಕ್ಕಳಿಸುತ್ತಾ. ಮಾರನೆಯ ದಿನ ಜ್ವರವೂ ಬಂತು. ಪಾಲುದಾರನಾಗಲಿರುವವನು ರಜೆ ಹಾಕಿದರೆ ಚೆನ್ನಾಗಿರುವುದಿಲ್ಲ ಎಂದು ಭಾವಮೈದುನನೇ ಅವನನ್ನು ಅಂಗಡಿಗೆ ತಳ್ಳಿದ.

ಜ್ವರದ ಕಣ್ಣಿಗೆ ಅಂಗಡಿ ಎಂದಿಗಿಂತ ಚೆಂದವಾಗಿತ್ತು. ಹಾಸಿಗೆಗಳು ನೆಲ ಬಿಟ್ಟು ಗೇಣುದ್ದ ಮೇಲೆ ತೇಲುತ್ತಿದ್ದವು. ಪರದೆಗಳು ಏನೋ ಹೇಳಲು ಬಂದು ಹೇಳದೆ ಹಿಂದಿರುಗುತ್ತಿದ್ದವು. ಅಂಥ ಹೊತ್ತಿನಲ್ಲಿ ಯಜಮಾನರ ಹೆಂಡತಿ ಅಂಗಡಿಗೆ ಬಂದರು. ಗಟ್ಟಿಮುಟ್ಟು ಹೆಂಗಸು. ಗುಟ್ಟು ಎಂಬ ಪದಕ್ಕೆ ಅರ್ಥವೇ ತಿಳಿಯದವರು. ಹತ್ತಾರು ಗಿರಾಕಿಗಳು ದಿಂಬು ಒತ್ತಿ ನೋಡುತ್ತಿದ್ದರು. ಮೆತ್ತಣ್ಣ ತೇಲಿಕೊಂಡೇ ಅವರ ಬಳಿ ಹೋಗಿ, ಕೈ ಮುಗಿದು, "ಅಮ್ಮಾವ್ರೇ, ಯಜಮಾನ್ರನ್ನ ಹೆಚ್ಚು ಮೆಟ್ಟಿಲು ಹತ್ತಿಸ್ಬೇಡಿ. ಕೀಲು ಸವೆಯುತ್ತೆ. ನಮ್ಮಿಬ್ರದೂ ಒಂದೇ ಕಾಯಿಲೆ, ಒಂದೇ ಮಾತ್ರೆ, ನನಗೆ ಗೊತ್ತು ಅದರ ನೋವು" ಅಂದ.

"ಯಾವ ಕೀಲು?" ಅಂದರು ಅವರು.

"ಮೊಣಕಾಲು, ಬೆರಳು..."

"ಇವರಿಗಾ? ಮೊಣಕಾಲು ಕಲ್ಲು ಕಂಬ ಇದ್ದ ಹಾಗಿದೆ! ಅವರಿಗೆ ಹೊಟ್ಟೆ ಕಣಯ್ಯಾ! ಕರುಳು! ದಿನಕ್ಕೆ ಎಷ್ಟು ಸಲ ಓಡ್ತಾರೆ ಅಂತ ನನ್ನ ಕೇಳು!"

ಹಜಾರದಲ್ಲಿ ದಿಂಬು ಒತ್ತುವುದು ನಿಂತಿತು. ಗಲ್ಲಾದ ಅಕ್ಕ, "ಓ, ಅದಾ ಬ್ಯಾಂಕು!" ಎಂದು ಬಾಯಿ ಬಿಟ್ಟಳು. ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದ ಯಜಮಾನರ ಮುಖ ಯಾವ ಬಣ್ಣಕ್ಕೂ ಸೇರದ ಬಣ್ಣವಾಯಿತು.

"ಹಾಗಾದ್ರೆ ನಿನಗೆ ಕರುಳಲ್ವಾ?" ಅಂದರು ನಿಧಾನವಾಗಿ.

"ಇಲ್ಲ ಯಜಮಾನ್ರೇ. ಕೀಲು."

"ಹಿಡ್ಕೊಳ್ಳೋಕೆ ಆಗಲ್ಲ ಅಂದ್ಯಲ್ಲೋ?"

"ಲೋಟ ಯಜಮಾನ್ರೇ. ಲೋಟ, ಬಾಚಣಿಗೆ..."

"ಬೀಗದ ಕೈ ಇಲ್ಲಿಡು. ಸಂಜೆ ಲೆಕ್ಕ ಚುಕ್ತಾ ಮಾಡ್ಕೊಂಡು ಹೋಗು" ಎಂದು ಗುಡುಗಿ ಯಜಮಾನರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಮ್ಮಾವ್ರು, "ಅಯ್ಯೋ, ನಾನೇನಂದೆ ಈಗ?" ಎಂದು ಎಲ್ಲರನ್ನೂ ಕೇಳಿದರು.

ಹತ್ತಿರದ ಹಾಸಿಗೆ ತೇಲಿಕೊಂಡು ಮೆತ್ತಣ್ಣನ ಬಳಿಗೇ ಬಂದಿತು. ಅವನು ಅದರ ಮೇಲೆ ಮಲಗಿದ. ಕೆಲಸ ಹೋಯಿತು ಎಂಬುದು ಎಲ್ಲೋ ದೂರದ ಬೀದಿಯಲ್ಲಿ ಯಾರೋ ಯಾರಿಗೋ ಹೇಳುತ್ತಿದ್ದ ಮಾತಿನ ಹಾಗೆ ಕೇಳಿಸಿತು. ಗಿರಾಕಿಗಳು ಸುತ್ತ ನೆರೆದರು. "ಇವನೇ ಅಲ್ವಾ ಆ ಏಳದೆ ಇರೋನು?" "ಎಷ್ಟು ಸಹಜವಾಗಿ ಮಾಡ್ತಾನೆ ನೋಡಿ!" "ಬೆವರು ಕೂಡ ಬರಿಸ್ಕೋತಾನೆ!" ಒಬ್ಬರು ಹಾಸಿಗೆಯ ಮೂಲೆ ಅದುಮಿ ದರ ಕೇಳಿದರು.

ಯಜಮಾನರು ಬಾಗಿಲು ತೆರೆದು ಈ ಗುಂಪನ್ನು ಸೀಳಿಕೊಂಡು ಬಂದರು. "ಸಾಕು ನಿಲ್ಸು ನಿನ್ನ ನಾಟಕ. ಏಳು!" ಎಂದು ಭುಜ ಹಿಡಿದವರು ಹಾಗೇ ಕೈ ಹಿಂದಕ್ಕೆ ತೆಗೆದರು. ಮೈ ಕಾದ ಕಬ್ಬಿಣವಾಗಿತ್ತು.

"ಮೆತ್ತಣ್ಣ. ಬಾಯಿ ತೆಗಿ."

ಅವನು ತೆಗೆದ. ಯಜಮಾನರು ಬಗ್ಗಿ ನೋಡಿದರು. ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಬಿಳಿಬಿಳಿ ಹುಣ್ಣು. ಅವರ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

"ಗಂಟಲು ನೋಯ್ತಿದ್ಯೇನೋ?"

"ಹೂಂ. ಹೆದರ್ಬಾರ್ದಂತೆ..."

"ಯಾವ ಮೂರ್ಖ ಹೇಳಿದ್ದು? ರಕ್ತ ಪರೀಕ್ಷೆ ಯಾವಾಗ ಮಾಡ್ಸಿದ್ದೆ?"

"ಮೊದ್ಲು... ಮಾತ್ರೆ ಶುರು ಮಾಡೋಕೆ ಮುಂಚೆ."

"ಆಮೇಲೆ?"

ಮೆತ್ತಣ್ಣ ನಕ್ಕ. ಗಿರಾಕಿಗಳ ಮುಂದೆ ನಗುವುದು ಅವನಿಗೆ ಅಭ್ಯಾಸವಾಗಿತ್ತು.

"ಗಾಡಿ ತೆಗೀರೋ!" ಯಜಮಾನರ ಗಂಟಲು ಬೀದಿಗೆ ಕೇಳಿಸಿತು. "ಇವನು ಹೋಗ್ತಾನೆ ಇಲ್ಲೇ! ಈ ಮಾತ್ರೆ ತಗೊಳ್ಳೋರಿಗೆ ಗಂಟಲು, ಜ್ವರ, ಹುಣ್ಣು ಬಂದ್ರೆ ಒಂದು ಗಂಟೆ ತಡ ಮಾಡ್ಬಾರ್ದು. ನನಗೆ ಪ್ರತಿ ಸಲವೂ ಹೇಳಿ ಹೇಳಿ ಕಳಿಸ್ತಾರೆ!" ತಾನು ಯಾವ ಮಾತ್ರೆ ತಗೊಳ್ಳುತ್ತೇನೆಂದು ಊರಿಗೆಲ್ಲ ಸಾರುತ್ತಿದ್ದೇನೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಹೊರುವವನು ಕಾಲು ಹಿಡಿದ, ಯಜಮಾನರು ತಲೆ ಹಿಡಿದರು. ಹಿಂದಿನಿಂದ ಗಿರಾಕಿಯೊಬ್ಬರು, "ಸ್ವಾಮಿ, ಹಾಸಿಗೆ ದರ?" ಅಂದದ್ದಕ್ಕೆ ಅಮ್ಮಾವ್ರು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದರು. ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳು ಪಾತಾಳಕ್ಕೆ ಇಳಿದಿದ್ದವು. "ಅಪರೂಪಕ್ಕೆ ಒಬ್ರಿಗೆ ಹೀಗಾಗುತ್ತೆ, ಅದೂ ಶುರುವಿನ ತಿಂಗಳುಗಳಲ್ಲೇ. ಅದಕ್ಕೇ ಪರೀಕ್ಷೆ ಮಾಡಿಸಿ ಅನ್ನೋದು" ಅಂದರು ಆ ಚಿಕ್ಕ ಡಾಕ್ಟರು. ಈ ಸಲ ಅವರು ನಗಲಿಲ್ಲ. ಮಾತ್ರೆ ನಿಂತಿತು, ರಕ್ತನಾಳಕ್ಕೆ ಔಷಧಿ ಹರಿಯಿತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೆಂಡತಿ ಮಂಚದ ಪಕ್ಕ ಕೂತಳು. ಬೈಯುವುದಕ್ಕೆ ಅವಳ ಬಳಿ ಬೇಕಾದಷ್ಟು ಮಾತಿತ್ತು. ಆದರೆ ಗಂಡನ ಊದಿದ ಬೆರಳುಗಳನ್ನು ತನ್ನ ಕೈಯೊಳಗೆ ಇಟ್ಟುಕೊಂಡು ಮೆಲ್ಲಗೆ ನೀವಿದಳು. ಮೆತ್ತಣ್ಣ ಕೆಲವು ದಿನ ಆಳವಾದ ನೀರಿನ ತಳದಲ್ಲಿ ಮಲಗಿದ್ದವನ ಹಾಗೆ ಇದ್ದ. ಆಮೇಲೆ ಒಂದು ಬೆಳಿಗ್ಗೆ ಜ್ವರ ಬಿಟ್ಟಿತು. ಎದ್ದವನೇ ಅವನು ಹೇಳಿದ ಮೊದಲ ಮಾತು: "ಈ ಹಾಸಿಗೆ ಸರಿ ಇಲ್ಲ, ಸ್ಪ್ರಿಂಗ್ ಕೂತುಹೋಗಿದೆ." ಹೆಂಡತಿ ಆಗ ಅತ್ತಳು.

ಯಜಮಾನರು ಹೆದರಿ ತಮ್ಮ ಮಾತ್ರೆಯನ್ನೂ ಕಸದ ಬುಟ್ಟಿಗೆ ಹಾಕಲು ಹೊರಟಿದ್ದರು. ಅವರ ಡಾಕ್ಟರು ಚೆನ್ನಾಗಿ ಬೈದರು: "ಅವರಿಗೆ ಒಗ್ಗಲಿಲ್ಲ, ನಿಮಗೆ ಒಗ್ಗಿದೆ. ನಿಮ್ಮ ಪಾಡಿಗೆ ನೀವು ನಿಲ್ಸಿದ್ರೆ ಕರುಳು ಮತ್ತೆ ಕೆರಳುತ್ತೆ. ಮಾತ್ರೆ ತಗೊಳ್ಳಿ, ಪರೀಕ್ಷೆಗೆ ಬನ್ನಿ." ಮೆತ್ತಣ್ಣನಿಗೆ ಬೇರೆ ಔಷಧಿ ಬಂತು. ಆ ಔಷಧಿಯ ಸೂಚನೆ ಕೇಳಲು ಹೆಂಡತಿ ಒಳಗೆ ಹೋದಳು, ಗಂಡ ಹೊರಗೆ ಕೂತ. ಭಾವಮೈದುನ ಟ್ರಂಕು ತೆಗೆದುಕೊಂಡು ಊರಿಗೆ ಹೋದ.

ಅಂಗಡಿಯಲ್ಲಿ ಲೆಕ್ಕ ಚುಕ್ತಾ ಮಾಡುವ ಮಾತು ಮತ್ತೆ ಬರಲಿಲ್ಲ. ಮುಂದಿನ ತಿಂಗಳು ರಕ್ತ ಪರೀಕ್ಷೆಯ ದಿನ ಯಜಮಾನರೇ ಮೆತ್ತಣ್ಣನ ಮನೆಯ ಮುಂದೆ ಗಾಡಿ ನಿಲ್ಲಿಸಿದರು. ಇಬ್ಬರೂ ಪ್ರಯೋಗಾಲಯದ ಉದ್ದನೆಯ ಬೆಂಚಿನಲ್ಲಿ ಕೂತರು. ಕೈ ಮಡಿಸಿ, ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿಕೊಂಡು, ವರದಿಗೆ ಕಾದರು. ಪಕ್ಕದಲ್ಲಿ ಕೋಟು ಹಾಕಿದ ಒಬ್ಬ ಗೌರವಸ್ಥರು ಚಡಪಡಿಸುತ್ತಾ ಕೂತಿದ್ದರು.

"ಏನು ತೊಂದರೆ ತಮಗೆ?" ಎಂದು ಹೊತ್ತು ಹೋಗಲೆಂದು ಕೇಳಿದರು ಅವರು.

ಮೆತ್ತಣ್ಣ ಯಜಮಾನರ ಮುಖ ನೋಡಿದ. ಯಜಮಾನರು ಮೀಸೆ ಸವರಿಕೊಂಡು, ಗಂಟಲು ಸರಿಮಾಡಿಕೊಂಡು, ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದರು: "ಇವನಿಗೆ ಕೀಲು. ನನಗೆ ಕರುಳು. ದಿನಕ್ಕೆ ಹತ್ತು ಸಲ ಹೋಗ್ತಿದ್ದೆ. ಈಗ ಎರಡಕ್ಕೆ ಇಳಿದಿದೆ."

ಕೋಟಿನವರು ಅತ್ತ ನೋಡಿದರು, ಇತ್ತ ನೋಡಿದರು. ಆಮೇಲೆ ಮೆಲ್ಲನೆ ಯಜಮಾನರ ಪಕ್ಕಕ್ಕೆ ಸರಿದು ಕೂತು, ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು: "ನನಗೂ..."

"ಗಟ್ಟಿಯಾಗಿ ಹೇಳಿ ಸ್ವಾಮಿ" ಅಂದ ಮೆತ್ತಣ್ಣ, ಮೆತ್ತಗೆ. "ಯಾವುದು? ಕೀಲೋ, ಕರುಳೋ? ಮೊದ್ಲು ಅದನ್ನ ಇತ್ಯರ್ಥ ಮಾಡ್ಕೊಂಡುಬಿಡೋಣ."